ಪಂಚ ನಂಬರ್ ಎರಡು

ಕುಮಟೆಯಲ್ಲಿ ಠಾಣೆಯ ಎದುರು ಚಾದಂಗಡಿ ಇಟ್ಟವನಿಗೆ
ಸಹಿ ಹಾಕುವುದೂ ಒಂದು ಕಸುಬು.
ಹನ್ನೊಂದು ವರ್ಷದಲ್ಲಿ ಹದಿನೇಳು ಪಂಚನಾಮೆ:
ಮರಳಿನ ಟಿಪ್ಪರು, ಗೋವಾದ ಬಾಟಲಿ,
ಮಟಕಾ ಚೀಟಿ, ಬಾವಿಗೆ ಬಿದ್ದವರು.
‘ಓದಿ ಹೇಳಿದ್ದು ಕೇಳಿದೆ, ಸರಿ ಇದೆ.’
ಯಾರೂ ಓದಿ ಹೇಳಿಲ್ಲ. ನಾನೂ ಕೇಳಿಲ್ಲ.
ಕೇಳಿದ್ದರೆ, ಅಂಗಡಿಯ ತಗಡು
ರಸ್ತೆಯ ಜಾಗಕ್ಕೆ ಚಾಚಿದೆ ಎಂಬುದು
ಅವರಿಗೆ ನೆನಪಾಗುತ್ತಿತ್ತು.

ಪಾವ್ಲಿನ ಬಾಯಿಯ ಕೊಲೆಯಾದ ನಾಲ್ಕನೇ ದಿನ
ಐದು ಚಾ ಹಿಡಿದು ಒಳಗೆ ಹೋದೆ.
‘ಆರು ಬೇಕಿತ್ತಲ್ಲ’ ಅಂದರು ಯಾರೋ, ನಕ್ಕರು.
ಆರನೆಯವನು ಗೋಡೆಗೆ ಒರಗಿದ್ದ,
ಗಣಪು ಮುಕ್ರಿ, ಕಾಲು ಚಾಚಿ,
ಅಂಗಾಲು ನನ್ನ ಕಡೆಗೆ.
ಅಂಗಾಲು ಹೇಗಿತ್ತೆಂದರೆ
ಬೇಡ.
ಚಾ ಆರುತ್ತಿತ್ತು. ಕೊಟ್ಟೆ.

ಸಾಹೇಬರು ಮೂರು ಬಿಳಿ ಹಾಳೆ ಸರಿಸಿದರು,
ಕೆಳಗೆ ಬಲಕ್ಕೆ ಪೆನ್ಸಿಲಿನ ಚುಕ್ಕಿ.
‘ಇಲ್ಲಿ ಹಾಕು ಹೊನ್ನಪ್ಪ, ಮೇಲಿಂದು ನಾವು ನೋಡ್ಕೊಳ್ತೇವೆ.’
ಹೊನ್ನಪ್ಪ ದೇವು ಅಂಬಿಗ,
ಕೊನೆಯ ಅಕ್ಷರಕ್ಕೆ ಬಾಲ ಎಳೆದು
ಚೆಂದ ಮಾಡಿಯೇ ಹಾಕಿದೆ.

ಎರಡು ವರ್ಷದ ಮೇಲೆ, ಸಾಕ್ಷಿಯ ಹಿಂದಿನ ದಿನ,
ನಕಲು ಕೊಟ್ಟರು, ಬಾಯಿಪಾಠ ಮಾಡು ಅಂತ.
ಮಗಳ ಪಕ್ಕ ಕೂತು ಗಟ್ಟಿಯಾಗಿ ಓದಿದೆ:
ರಥಸಪ್ತಮಿಯ ಮಾರನೇ ದಿನ, ಸಂಜೆ ನಾಲ್ಕೂವರೆಗೆ,
ಆರೋಪಿಯು ಯಾರ ಒತ್ತಾಯವೂ ಇಲ್ಲದೆ
ತಾನಾಗಿ ಮುಂದೆ ಮುಂದೆ ನಡೆದು
ಗಜನಿಯ ಕಟ್ಟೆ ಇಳಿದು, ಹೊಳೆಯ ಕಡೆ ಹದಿನಾಲ್ಕು ಹೆಜ್ಜೆಗೆ
ಕೆಸರಿನಲ್ಲಿ ಕೈಹಾಕಿ
ಪಂಚರ ಸಮಕ್ಷಮ ತೆಗೆದುಕೊಟ್ಟ ಕತ್ತಿ ಒಂದು.

ಒಳಗೆ ಬಳಚು ಬಿಡಿಸುತ್ತಿದ್ದ ಅತ್ತಿಗೆ ನಾಗಿ
ಕೈ ನಿಲ್ಲಿಸಿದಳು.
‘ಅಷ್ಟಮಿ ದಿವ್ಸ, ನಾಕೂವರಿಗಾ?
ಭರತ ಬಂದ್ ನಿಂತಿರ್ತದೋ ಅಲ್ಲಿ, ಎದಿಮಟ ನೀರು.
ನಿನ್ ಪೊಲೀಸ್ರು ಎಂತ, ಮುಳುಗಿ ಬರ್ದ್ರಾ?’
ಮತ್ತೆ ಚಿಪ್ಪು ಒಂದೊಂದೇ ಬುಟ್ಟಿಗೆ ಬೀಳುವ ಸದ್ದು.
ಅವಳು ಶಾಲೆ ಹತ್ತಿಲ್ಲ. ಅಘನಾಶಿನಿಯ ಏರಿಳಿತ
ಅವಳಿಗೆ ಬಾಯಿಪಾಠ.

ಆ ರಾತ್ರಿ ನನಗೆ ದೇವರೇನೂ ಕಾಣಲಿಲ್ಲ.
ಆ ಅಂಗಾಲೇ ಕಂಡಿತು. ತಾನಾಗಿ ಮುಂದೆ ಮುಂದೆ ನಡೆದು.

ಕೋರ್ಟಿಗೆ ಹೋಗಲು ಇದ್ದದ್ದು ಒಂದೇ ಒಳ್ಳೆ ಅಂಗಿ.
ಅದರ ಎರಡನೇ ಗುಂಡಿ ಪಾವ್ಲಿನ ಬಾಯಿ ಹಾಕಿದ್ದು,
ದುಡ್ಡು ತಗೊಳ್ಳದೆ, ಹಲ್ಲಿನಲ್ಲಿ ದಾರ ಕಡಿದು.
ಮುದ್ದೆಮಾಲಿನ ಚೀಲದಿಂದ ಕತ್ತಿ ತೆಗೆದರು.
ನಾಲ್ಕು ದಿನ ಉಪ್ಪುನೀರಲ್ಲಿ ಇತ್ತಂತೆ;
ಹಿಡಿಯಲ್ಲಿ ಕಮ್ಮಾರನ ಎಣ್ಣೆ ಇನ್ನೂ ಮಿಂಚುತ್ತಿತ್ತು.

‘ನೋಡಿಲ್ಲ ಸ್ವಾಮಿ. ಹೋಗಿಲ್ಲ. ಸಹಿ ಮಾತ್ರ ನನ್ನದು.’

ಸರಕಾರಿ ವಕೀಲರು ನನ್ನ ಮುಖ ನೋಡಲಿಲ್ಲ,
ಸಾಕ್ಷಿ ಪ್ರತಿಕೂಲ ಎಂದು ಬರೆಸಿದರು.
ಹದಿನೇಳು ಸಲ ಅನುಕೂಲನಾಗಿದ್ದೆ.
ಗಣಪು ಫ್ಯಾನು ನೋಡುತ್ತ ನಿಂತಿದ್ದ,
ಭಾರವನ್ನು ಈ ಕಾಲಿಂದ ಆ ಕಾಲಿಗೆ ಹಾಕುತ್ತ,
ಹಿಮ್ಮಡಿ ಇನ್ನೂ ಊರುತ್ತಿರಲಿಲ್ಲ.

ತಗಡು ಶುಕ್ರವಾರ ಕಿತ್ತರು. ಅದು ಇರಲಿ.

ಮಹಜರಿನಲ್ಲಿ ಅವಳ ಮನೆಯ ಸಾಮಾನೆಲ್ಲ ಇದೆ:
ಹೊಲಿಗೆ ಮಿಷನ್ನು, ಟೇಪು, ಇಸ್ತ್ರಿಪೆಟ್ಟಿಗೆ,
ಸೂಜಿಯ ಕೆಳಗೇ ಉಳಿದ ನನ್ನ ಮಗಳ ಅರ್ಧ ಲಂಗ.
ಕತ್ತರಿ ಇಲ್ಲ.
ದೊಡ್ಡದು, ಹಿಡಿಗೆ ಕೆಂಪು ಚಿಂದಿ ಸುತ್ತಿದ್ದು,
ಅವಳ ಬಲಗೈಯ ಹತ್ತಿರವೇ ಯಾವಾಗಲೂ ಇರುತ್ತಿತ್ತು.
ಎರಡು ವರ್ಷ ಯಾರೂ ಕೇಳಲಿಲ್ಲ, ಅದೆಲ್ಲಿ ಹೋಯಿತು,
ಯಾರ ಜೊತೆ ಹೋಯಿತು.

ಇಳಿತದಲ್ಲಿ ನಾಗಿ ಕೆಸರಿಗೆ ಇಳಿಯುತ್ತಾಳೆ,
ಅಂಗಾಲಿನಿಂದಲೇ ಬಳಚು ಹುಡುಕುತ್ತಾಳೆ.
ಒಮ್ಮೆ ಕೇಳಿದೆ: ಏನಾದರೂ ತಾಗಿತಾ?
ಬುಟ್ಟಿ ಸೊಂಟಕ್ಕೆ ಏರಿಸಿಕೊಂಡು ಅಂದಳು:
‘ನಂಗೆ ಎಂತಕೆ ತಾಗ್ತದೆ?
ಹುಡ್ಕೂಕೆ ಸಂಬಳ ತಕಂಬವ್ರು ಬೇರೆ ಇದ್ರಲ.’